ಅಕ್ಕ ಬರೆದ ಸ್ವಭಾವ ಪರೀಕ್ಷೆ

ಮನುಷ್ಯರ ಸ್ವಭಾವ ಅಳೆಯಲು ಹೊರಟವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ನಮ್ಮ ಅಕ್ಕನಿಗೆ ಅವರು ಮಾಡಿದ್ದು ಅಂಥದ್ದು.

ಗಂಡ ತೀರಿಕೊಂಡ ಮೇಲೆ ಅಕ್ಕ ಹಿರೇಕೆರೂರಿನ ನಮ್ಮ ಮನೆಯಲ್ಲೇ ಇದ್ದಾಳೆ. ತಮ್ಮನ ಮನೆಯ ಅನ್ನ ಎಷ್ಟು ದಿನ ಎಂಬ ಮಾತು ಬಾಯಿಗೆ ಬಾರದಿದ್ದರೂ ಅವಳ ಮುಖದಲ್ಲಿ ಇರುತ್ತಿತ್ತು. ಹತ್ತಿ ಬೀಜದ ಹೊಲಗಳಲ್ಲಿ ಹೂವಿಗೆ ಹೂವು ಮುಟ್ಟಿಸುವ ಕ್ರಾಸಿಂಗ್ ಕೆಲಸಕ್ಕೆ ಹೆಣ್ಣುಮಕ್ಕಳ ಗುಂಪು ಕಟ್ಟಿಕೊಂಡು ಹೋಗುವವಳು ಅವಳೇ. ಕೂಲಿ ತಡವಾದರೆ ಮಾಲೀಕನ ಮನೆಯ ಕಟ್ಟೆಯ ಮೇಲೆ ಹೋಗಿ ಕೂತುಬಿಡುತ್ತಿದ್ದಳು. ಹೀಗಿರುವಾಗ ಒಂದು ಬೀಜದ ಕಂಪನಿ ಇದೇ ಕೆಲಸದ ಮೇಲ್ವಿಚಾರಣೆಗೆ ಜನ ಬೇಕೆಂದು ಅರ್ಜಿ ಕರೆಯಿತು. ಮೊದಲು ಸ್ವಭಾವ ಪರೀಕ್ಷೆ, ಹಾನಗಲ್ಲಿನ ಕಂಪ್ಯೂಟರ್ ಸೆಂಟರಿನಲ್ಲಿ.

ಹೊರಗೆ ಬಂದವಳನ್ನು ಹೇಗಾಯಿತೆಂದು ಕೇಳಿದೆ.

"ಬ್ಯಾರೆದವ್ರಕ್ಕಿಂತ ಚೊಲೋ ಕೆಲಸಾ ಮಾಡ್ತೀರೇನು ಅಂತ ಇತ್ತು. ಇಲ್ಲ ಅಂತ ಒತ್ತೇನಿ. ಮುಂದ ನಿಂತು ಮಂದಿ ಕಡೆ ಕೆಲಸಾ ಮಾಡಸ್ತೀರೇನು ಅಂತಿತ್ತು. ಅದಕ್ಕೂ ಇಲ್ಲ."

"ಯಾಕಕ್ಕಾ?"

"ನಮ್ಮನ್ನ ನಾವ ಹೊಗಳ್ಕೊಳ್ಳೂದಾ? ನಾಚಿಕಿ ಬ್ಯಾಡೇನು?"

ಹೆಣ್ಣು ನೋಡಲು ಬಂದವರು ಅಡುಗೆ ಬರುತ್ತದೆಯೇ ಎಂದರೆ 'ಏನೋ ಅಷ್ಟಿಷ್ಟು' ಎನ್ನಬೇಕೆಂದು ಕಲಿಸಿದ ಮನೆ ನಮ್ಮದು. ಆ ಹಾಳು ಯಂತ್ರ ಅವಳ ಸಂಕೋಚವನ್ನೇ ನಿಜವೆಂದು ನಂಬಿತು. ಉತ್ತರಗಳನ್ನು ಉರುಹೊಡೆದು ಬಂದಿದ್ದ ಶಿಗ್ಗಾವಿಯವನೊಬ್ಬ ಪಾಸಾದ. ಹೊಲದಲ್ಲಿ ಹೆಣ್ಣುಮಕ್ಕಳು ಅವನ ಮಾತನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಹಂಗಾಮು ಮುಗಿಯುವ ಮೊದಲೇ ಕೆಲಸ ಬಿಟ್ಟು ಹೋದ.

ಜಾಗ ಮತ್ತೆ ಖಾಲಿಯಾಯಿತು. ಈ ಸಲ ನಾನೇ ಗುರು. "ಇದ್ದದ್ದು ಇದ್ದಂಗ ಹೇಳು. ಊರಾಗ ನಿನ್ನಂಥಾಕಿ ಯಾರದಾರ?" ಎಂದು ದಿನವೂ ಅವಳ ತಲೆ ತಿಂದೆ. ಮೊದಮೊದಲು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಹೇಳುತ್ತ ಹೇಳುತ್ತ ಅವಳಿಗೇ ನಂಬಿಕೆ ಬಂತು. ಹೌದು, ನಾನು ಚೆನ್ನಾಗಿ ಮಾಡುತ್ತೇನೆ. ಹೌದು, ನನ್ನ ಮಾತನ್ನು ನಾಲ್ಕು ಜನ ಕೇಳುತ್ತಾರೆ. ಅವಳ ಮುಖದಲ್ಲಿ ಅಂಥ ಗೆಲುವನ್ನು ನಾನು ಎಷ್ಟೋ ವರ್ಷಗಳಿಂದ ಕಂಡಿರಲಿಲ್ಲ.

ಎಲ್ಲಕ್ಕೂ ಹೌದು ಎಂದು ಒತ್ತಿ ಬಂದಳು. ಮೊಬೈಲಿಗೆ ಸಂದೇಶ ಬಂತು: ನಿಮ್ಮ ಉತ್ತರಗಳು ಪ್ರಾಮಾಣಿಕವಾಗಿ ಕಾಣುತ್ತಿಲ್ಲ.

ಅಕ್ಕನನ್ನು ಕರೆದುಕೊಂಡು ಕಂಪನಿಯ ಕಚೇರಿಗೆ ಹೋಗಿ ಜಗಳ ತೆಗೆದೆ. ಅಲ್ಲಿದ್ದ ಸಾಹೇಬರು ತಣ್ಣಗೆ ಹೇಳಿದರು, "ಹ್ವಾದ ಸಲಾ ಇವ್ರ ಎಲ್ಲಾದಕ್ಕೂ ಇಲ್ಲ ಅಂದಾರ್ರಿ. ಈಗ ಎಲ್ಲಾ ಹೌದು ಅಂತಾರ. ಯಾವ್ದು ನಂಬೂಣ್ರಿ?"

ಒಂದು ದಿನ ಹೊಲಕ್ಕೆ ಬಂದು ಇವಳ ಕೆಲಸ ನೋಡಿ ಎಂದೆ. ಅದಕ್ಕೆ ಅವಕಾಶವಿಲ್ಲವಂತೆ.

ಇಬ್ಬರೂ ಬಸ್ ನಿಲ್ದಾಣಕ್ಕೆ ಬಂದೆವು. ಅಕ್ಕ ಕೇಳಿದಳು, "ಖರೇ ಹೇಳಪಾ. ನಾ ಚೊಲೋ ಕೆಲಸಾ ಮಾಡ್ತೇನೋ, ಇಲ್ಲಾ ನೀ ಕಲಿಸಿದ್ದಕ್ಕ ಹಂಗ ಅನ್ಕೊಂಡೇನೋ?"