ಹದಿನೇಳು ಕಡೆ ‘ಕೇಳಿಸುತ್ತಿಲ್ಲ’

ಆ ಕಚೇರಿಯಲ್ಲಿ ಅವಳನ್ನು ಎಲ್ಲರೂ ಕಿವಿಯಕ್ಕ ಅಂತಲೇ ಕರೆಯುತ್ತಿದ್ದರು. ಹಾಗೆ ಕರೆದರೆ ಅವಳಿಗೆ ಬೇಸರವೇನೂ ಇರಲಿಲ್ಲ, ಒಳಗೊಳಗೆ ಹೆಮ್ಮೆಯೇ. ಕೆಲಸ ಮಾಡುವಾಗ ಬೆರಳು ಕಳೆದುಕೊಂಡವರು, ಮೈ ಸುಟ್ಟುಕೊಂಡವರು, ಅಟ್ಟಣಿಗೆಯಿಂದ ಬಿದ್ದು ಸೊಂಟ ಮುರಿದುಕೊಂಡವರು ಪರಿಹಾರ ಕೇಳಿಕೊಂಡು ಬರುವ ಕಚೇರಿ ಅದು. ಅವರು ಮಹಡಿ ಮೇಲಿನ ಕೋಣೆಯಲ್ಲಿ ಕೂತು ಹೇಳಿದ ಸಾಕ್ಷಿಯೆಲ್ಲ ಮೈಕಿನ ಮೂಲಕ ರೆಕಾರ್ಡ್ ಆಗುತ್ತಿತ್ತು. ಅದನ್ನು ಕೇಳಿ, ಒಂದಕ್ಷರ ಬಿಡದೆ ಟೈಪ್ ಮಾಡಿ, ಪ್ರತಿ ಹಾಳೆಯ ಕೆಳಗೆ ‘ಕೇಳಿದ್ದನ್ನು ಕೇಳಿದಂತೆ ಬರೆದಿದ್ದೇನೆ’ ಎಂದು ಸಹಿ ಹಾಕುವುದು ಅವಳ ಕೆಲಸ. ಸಾಕ್ಷಿ ಕೇಳುವ ಅಧಿಕಾರಿ ಒಬ್ಬರು, ತೀರ್ಪು ಬರೆಯುವ ಅಧಿಕಾರಿ ಇನ್ನೊಬ್ಬರು. ತೀರ್ಪು ಬರೆಯುವವರ ಕಣ್ಣಿಗೆ ಬೀಳುತ್ತಿದ್ದುದು ಅವಳ ಹಾಳೆ ಮಾತ್ರ. ಹಾಳೆಯಲ್ಲಿ ಇಲ್ಲದ ಮಾತು ಯಾರೂ ಆಡದ ಮಾತು.

ಹನ್ನೊಂದು ವರ್ಷದಿಂದ ಅವಳು ಕೂರುತ್ತಿದ್ದುದು ನೀರಿನ ಪಂಪಿನ ಪಕ್ಕದ ಚಿಕ್ಕ ಕೋಣೆಯಲ್ಲಿ. ಒಂದು ಮೇಜು, ಒಂದು ಕಂಪ್ಯೂಟರ್, ರೆಕಾರ್ಡನ್ನು ನಿಲ್ಲಿಸಲು ಹಿಂದಕ್ಕೆ ಓಡಿಸಲು ಕಾಲಡಿ ಒಂದು ಪೆಡಲ್, ಮತ್ತೆ ಒಂದು ಹೆಡ್‌ಫೋನ್. ಆ ಹೆಡ್‌ಫೋನಿನ ಅವಸ್ಥೆ ದೇವರಿಗೇ ಪ್ರೀತಿ. ಬಲಗಡೆಯದು ವೈರನ್ನು ಒಂದು ಕೋನದಲ್ಲಿ ಮಡಚಿ ದಾರ ಕಟ್ಟಿದರೆ ಮಾತ್ರ ಮಾತಾಡುತ್ತಿತ್ತು. ಎಡಗಡೆಯದು ಯಾವಾಗಲೂ ಎಣ್ಣೆಗೆ ಸಾಸಿವೆ ಹಾಕಿದಂತೆ ಚಟಪಟ ಅನ್ನುತ್ತಿತ್ತು. ಕಿವಿಗೆ ಒತ್ತುವ ಸ್ಪಂಜು ಪುಡಿಪುಡಿಯಾಗಿ ಉದುರಿ ಹೋಗಿದ್ದರಿಂದ ಅವಳ ಗಂಡ ಕೋಟಿನ ಅಸ್ತರಿನಲ್ಲಿ ಗವಸು ಹೊಲಿದು ಕೊಟ್ಟಿದ್ದ. ಅವನು ದರ್ಜಿ, ಮನೆಯ ಮುಂದಿನ ಕೋಣೆಯಲ್ಲೇ ಅಂಗಡಿ. ಮೂರು ತಿಂಗಳಿಗೊಮ್ಮೆ ಹೊಸ ಗವಸು ಹೊಲಿಯುವಾಗಲೆಲ್ಲ, “ಇದುವರೆಗೂ ಹೊಲಿದಿದ್ದೆಲ್ಲ ಕೂಡಿಸಿದ್ರೆ ನಿಮ್ಮ ಸಾಹೇಬರಿಗೆ ಒಂದು ಕೋಟೇ ಆಗ್ತಿತ್ತು ಕಣೇ” ಎಂದು ನಗುತ್ತಿದ್ದ.

ಹೊಸ ಹೆಡ್‌ಫೋನ್ ಬೇಕೆಂದು ಅವಳು ನಾಲ್ಕು ಸಲ ಅರ್ಜಿ ಕೊಟ್ಟಿದ್ದಳು. ಎರಡಕ್ಕೆ ಉತ್ತರವೇ ಬರಲಿಲ್ಲ. ಮೂರನೆಯದಕ್ಕೆ ‘ಇರುವುದನ್ನೇ ಜತನದಿಂದ ಬಳಸುವುದು’ ಎಂದು ಬಂತು. ನಾಲ್ಕನೆಯದನ್ನು ಕೈಯಲ್ಲಿ ಹಿಡಿದು ಆಡಳಿತಾಧಿಕಾರಿ ಸಾಹೇಬರೇ ಕೇಳಿದ್ದರು, “ನಿಮ್ಮ ಕಿವಿ ಒಮ್ಮೆ ಡಾಕ್ಟರಿಗೆ ತೋರಿಸಿದ್ದೀರೇನಮ್ಮ?” ಅವಳು ಹಲ್ಲು ಕಚ್ಚಿಕೊಂಡು ಬಂದುಬಿಟ್ಟಿದ್ದಳು. ಹಾಗಂತ ಕೆಲಸಗಳ್ಳತನ ಮಾಡಿದವಳಲ್ಲ. ಒಂದು ಮಾತನ್ನು ಮೂರು ಸಲ ಹಿಂದಕ್ಕೆ ಓಡಿಸಿ ಕೇಳಬೇಕು, ಆಮೇಲೂ ತಿಳಿಯದಿದ್ದರೆ ‘ಕೇಳಿಸುತ್ತಿಲ್ಲ’ ಎಂದು ಬರೆಯಬೇಕು ಎಂಬುದು ನಿಯಮ. ಅವಳು ಹತ್ತು ಸಲ ಕೇಳುತ್ತಿದ್ದಳು.

ಹೀಗಿರುವಾಗ ಒಂದು ದಿನ ಬೆಳಿಗ್ಗೆ ಸ್ಟೋರ್‌ಕೀಪರ್ ಒಂದು ಮರದ ಪೆಟ್ಟಿಗೆಯನ್ನು ಮಗುವಿನ ಹಾಗೆ ಎದೆಗವಚಿಕೊಂಡು ಅವಳ ಕೋಣೆಗೆ ಬಂದ. ನಿವೃತ್ತಿಗೆ ಎರಡು ವರ್ಷ ಬಾಕಿಯಿದ್ದ, ಸಹಿ ಹಾಕುವ ಮುಂಚೆ ಪಿನ್ನು ಕೂಡ ಚುಚ್ಚಿ ನೋಡುವ ಮನುಷ್ಯ.

“ಕಿವಿಯಕ್ಕ, ಒಂದು ಉಪಕಾರ ಆಗಬೇಕು. ಇದು ಸರಿಯಾಗಿ ಕೇಳಿಸುತ್ತೆ ಅಂತ ನಾನು ಬರೆದುಕೊಡಬೇಕಂತೆ. ನನಗೇನು ಗೊತ್ತಾಗುತ್ತೆ? ನೀವೊಮ್ಮೆ ಹಾಕ್ಕೊಂಡು ನೋಡಿ.”

ಪೆಟ್ಟಿಗೆಯೊಳಗೆ ಹೆಡ್‌ಫೋನ್ ಇತ್ತು. ಅದನ್ನು ತನ್ನ ಮೇಜಿನ ಮೇಲಿದ್ದುದರ ಜಾತಿಗೆ ಸೇರಿಸಲು ಅವಳಿಗೆ ಮನಸ್ಸು ಬರಲಿಲ್ಲ. ಎರಡೂ ಕಡೆ ನುಣ್ಣಗೆ ಉಜ್ಜಿದ ಮರದ ಬಟ್ಟಲು, ಅವುಗಳ ಬೆನ್ನಿಗೆ ಸಣ್ಣ ಜಾಲರಿ, ತಲೆಯ ಮೇಲೆ ಕೂರಲು ಮೆತ್ತನೆಯ ತೊಗಲಿನ ಪಟ್ಟಿ, ಜಡೆಯ ಹಾಗೆ ಹೆಣೆದ ವೈರ್. ಜೊತೆಗೆ ದನಿಯನ್ನು ಹದ ಮಾಡಿ ಕೊಡುವ, ಟಿಫಿನ್ ಡಬ್ಬಿಯಷ್ಟಿದ್ದ ಒಂದು ಯಂತ್ರ ಬೇರೆ.

“ನನಗೆ ಬಂತಾ?” ಎಂದಳು.

ಸ್ಟೋರ್‌ಕೀಪರ್ ನೆಲ ನೋಡಿದ. “ಸಾಹೇಬರ ಕೋಣೆಗಕ್ಕ. ಧ್ವನಿಮುದ್ರಣದ ಗುಣಮಟ್ಟ ಪರಿಶೀಲನೆಗೆ ಅಂತ ಕಾಗದದಲ್ಲಿದೆ. ಮಧ್ಯಾಹ್ನ ಊಟ ಆದ್ಮೇಲೆ ಅವರು ಹಾಡು ಕೇಳ್ತಾರಲ್ಲ…”

ಅವಳು ಯಂತ್ರವನ್ನು ತನ್ನ ಕಂಪ್ಯೂಟರಿಗೆ ಸಿಕ್ಕಿಸಿ ಹೆಡ್‌ಫೋನನ್ನು ತಲೆಗೇರಿಸಿದಳು. ನೋಡಲು ಭಾರವಾಗಿದ್ದದ್ದು ತಲೆಯ ಮೇಲೆ ಕೂತ ಮೇಲೆ ಭಾರವೇ ಅನ್ನಿಸಲಿಲ್ಲ. ಯಾರೋ ಹಿಂದಿನಿಂದ ಬಂದು ಎರಡೂ ಅಂಗೈಯನ್ನು ಮೆಲ್ಲಗೆ ಕಿವಿಗಿಟ್ಟ ಹಾಗಿತ್ತು. ಕಂಪ್ಯೂಟರಿನಲ್ಲಿ ತೆರೆದಿದ್ದುದು ಎರಡು ದಿನದ ಹಿಂದೆ ಅವಳು ಸಹಿ ಹಾಕಿ ಕಳಿಸಿದ್ದ ಕೊನೆಯ ರೆಕಾರ್ಡ್. ದೊಡ್ಡ ಲಾಂಡ್ರಿಯೊಂದರಲ್ಲಿ ಹಬೆಯ ಯಂತ್ರ ನೋಡಿಕೊಳ್ಳುತ್ತಿದ್ದ ಹೆಂಗಸಿನ ಸಾಕ್ಷಿ. ಪೈಪಿನ ಕೀಲು ಬಿಚ್ಚಿಕೊಂಡು ಬಿಸಿ ಹಬೆ ಮುಖಕ್ಕೂ ಗಂಟಲಿಗೂ ನುಗ್ಗಿ ಅವಳ ದನಿ ಹೋಗಿತ್ತು, ಉಸಿರಿನಲ್ಲೇ ಮಾತಾಡುತ್ತಿದ್ದಳು. ಆ ಎಂಟು ಹಾಳೆಯಲ್ಲಿ ಕಿವಿಯಕ್ಕ ಹದಿನೇಳು ಕಡೆ ‘ಕೇಳಿಸುತ್ತಿಲ್ಲ’ ಎಂದು ಬರೆದಿದ್ದಳು.

ಅವಳು ಪೆಡಲ್ ಒತ್ತಿದಳು.

ಮೊದಲು ಬಂದದ್ದು ಮಾತಲ್ಲ, ಕೋಣೆ. ಮಹಡಿಯ ಮೇಲಿನ ಆ ಕೋಣೆ ಗೋಡೆ ಸಮೇತ ಅವಳ ಸುತ್ತ ಬಂದು ನಿಂತಿತು. ಮೇಲೆ ಫ್ಯಾನ್ ಸುತ್ತುತ್ತಿತ್ತು, ಮೂರು ರೆಕ್ಕೆಯಲ್ಲಿ ಒಂದು ಸ್ವಲ್ಪ ಸಡಿಲ. ಎಡಗಡೆ ಕಂಪನಿಯ ವಕೀಲರು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡುತ್ತಿದ್ದರು. ಬಲಗಡೆ ಯಾರೋ ಉಗುಳು ನುಂಗಿದರು. ಚಟಪಟವಿಲ್ಲ, ಗೊರಗೊರವಿಲ್ಲ. ಆ ನಿಶ್ಶಬ್ದದ ನಡುವೆ, ಎದುರಿಗೇ ಕೂತವಳಂತೆ, ಲಾಂಡ್ರಿಯ ಹೆಂಗಸು ಹೇಳಿದಳು:

“ಕೀಲು ಸೋರ್ತಿದೆ ಅಂತ ಮೂರು ಸಲ ಹೇಳಿದ್ದೆ ಸ್ವಾಮಿ. ಸೂಪರ್‌ವೈಸರ್ ಬಂದು ಬಟ್ಟೆ ಸುತ್ತಿ ಹೋದ್ರು. ಬಟ್ಟೆ ಸುತ್ತುವಾಗ ನಾನೇ ಟಾರ್ಚ್ ಹಿಡಿದಿದ್ದೆ.”

ಕಿವಿಯಕ್ಕ ಪೆಡಲಿನಿಂದ ಕಾಲು ತೆಗೆದಳು. ಕಪಾಟಿನಿಂದ ತನ್ನ ಹಾಳೆಯ ನಕಲು ತೆಗೆದು ನೋಡಿದಳು. ಅದೇ ಜಾಗದಲ್ಲಿ, ಅವಳೇ ಟೈಪ್ ಮಾಡಿದ್ದು: ‘ಕೀಲು… (ಕೇಳಿಸುತ್ತಿಲ್ಲ)… ಬಟ್ಟೆ… (ಕೇಳಿಸುತ್ತಿಲ್ಲ).’ ಹಬೆಯ ಯಂತ್ರ ಕೆಟ್ಟಿರುವುದನ್ನು ಆ ಹೆಂಗಸು ಯಾರಿಗೂ ತಿಳಿಸದೆ ತಾನಾಗಿ ತಲೆ ಹಾಕಿದಳು ಎಂಬುದೇ ಕಂಪನಿಯ ವಾದವಾಗಿತ್ತು.

ಅವಳ ಮೈಯೆಲ್ಲ ಉರಿದುಹೋಯಿತು. ಮೊದಲು ಸಾಹೇಬರ ಮೇಲೆ, ಆಮೇಲೆ ಆ ಮುರುಕು ಹೆಡ್‌ಫೋನಿನ ಮೇಲೆ, ಕೊನೆಗೆ ಹನ್ನೊಂದು ವರ್ಷ ಅಸ್ತರಿನ ಗವಸು ಹಾಕಿಕೊಂಡು ಸುಮ್ಮನೆ ಕೂತಿದ್ದ ತನ್ನ ಮೇಲೆ.

“ಚೆನ್ನಾಗಿದೆಯಾ ಅಕ್ಕ? ಸಹಿ ಹಾಕಲಾ?” ಸ್ಟೋರ್‌ಕೀಪರ್ ಕೇಳಿದ.

“ಹಾಕಿ. ಆದ್ರೆ ಮಧ್ಯಾಹ್ನದವರೆಗೂ ಇದು ಇಲ್ಲೇ ಇರುತ್ತೆ.”

“ಅಯ್ಯೋ, ನನ್ನ ತಲೆ ಹೋಗುತ್ತೆ!”

“ಪರೀಕ್ಷೆ ಇನ್ನೂ ಮುಗಿದಿಲ್ಲ ಅಂತ ಹೇಳಿ. ಸುಳ್ಳಲ್ಲವಲ್ಲ.”

ಅವನು ಅವಳ ಮುಖ ನೋಡಿ, ಬಾಗಿಲು ಮುಂದೆಳೆದುಕೊಂಡು ಹೋದ. ಅವಳು ಊಟದ ಡಬ್ಬಿ ಮುಟ್ಟದೆ ಎಂಟು ಹಾಳೆಯನ್ನೂ ಹೊಸದಾಗಿ ಟೈಪ್ ಮಾಡಿದಳು. ಹದಿನೇಳರಲ್ಲಿ ಹದಿನಾರು ಜಾಗ ತುಂಬಿದವು. ಹದಿನೇಳನೆಯದು ಮಾತೇ ಆಗಿರಲಿಲ್ಲ. ಆ ಹೆಂಗಸು ಅಳುತ್ತಿದ್ದಳು.

ಊಟ ಮುಗಿಸಿದ ಸಾಹೇಬರು ಹೆಡ್‌ಫೋನನ್ನು ಹುಡುಕಿಕೊಂಡು ಖುದ್ದಾಗಿ ಬಂದರು. ಅವರು ಆ ಕೋಣೆಗೆ ಕಾಲಿಟ್ಟದ್ದು ಅದೇ ಮೊದಲು. ಪಂಪಿನ ಎಣ್ಣೆಯ ವಾಸನೆಗೆ ಮುಖ ಸಿಂಡರಿಸಿ, “ಇದೇನಮ್ಮ ಇದು? ಅಷ್ಟು ಸೂಕ್ಷ್ಮದ ವಸ್ತು, ನೀವು ಈ ಕಂಪ್ಯೂಟರಿಗೆ ಸಿಕ್ಕಿಸಿ ಕೂತಿದ್ದೀರಿ!” ಎಂದರು.

“ಒಂದೇ ನಿಮಿಷ ಕೇಳಿ ಸಾರ್,” ಎಂದು ಅವಳು ಹೆಡ್‌ಫೋನನ್ನು ಅವರ ಕೈಗಿಟ್ಟಳು. ಅವರು ಹಾಕಿಕೊಂಡರು. ಅವಳು ಆ ಜಾಗವನ್ನೇ ಹಾಕಿದಳು. ಜಾಲರಿಯ ಮೂಲಕ ದನಿ ಹೊರಗೂ ಸೋರುತ್ತಿತ್ತು, ಟಾರ್ಚ್ ಹಿಡಿದಿದ್ದೆ ಎಂಬುದು ಅವಳಿಗೂ ಕೇಳಿಸಿತು.

ಸಾಹೇಬರು ಕಣ್ಣು ಮುಚ್ಚಿ ತಲೆದೂಗಿದರು. “ಅಬ್ಬಾ, ಏನು ಸ್ಪಷ್ಟತೆ! ಫ್ಯಾನ್ ಎಲ್ಲಿದೆ ಅಂತ ಬೆರಳಿಟ್ಟು ತೋರಿಸಬಹುದು!”

“ಆ ಹೆಂಗಸು ಏನು ಹೇಳ್ತಿದ್ದಾಳೆ ಅಂತ ಕೇಳಿಸ್ತಾ ಸಾರ್?”

“ಕೇಳಿಸ್ತಲ್ಲ.”

“ನನಗೆ ಕೇಳಿಸಿರಲಿಲ್ಲ. ಕೇಳಿಸಲ್ಲ ಅಂತ ಬರೆದು ಸಹಿ ಹಾಕಿದ್ದೀನಿ. ತಿದ್ದಿದ ಪ್ರತಿ ಇಲ್ಲಿದೆ, ಕಳಿಸಿಕೊಡಿ.”

ಸಾಹೇಬರ ಮುಖದ ಸಂತೋಷ ಇಳಿಯಿತು. ಒಮ್ಮೆ ದೃಢೀಕರಿಸಿದ ಪ್ರತಿಯನ್ನು ತಿದ್ದುವ ಪದ್ಧತಿ ಇಲ್ಲ ಎಂದರು. ಒಂದನ್ನು ತಿದ್ದಿದರೆ ಹಳೆಯದನ್ನೆಲ್ಲ ಕೆದಕುತ್ತಾರೆ ಎಂದರು. “ನಿಮ್ಮ ಸಹಿಯೇ ಇದೆಯಲ್ಲಮ್ಮ. ನಿಮ್ಮ ಕುತ್ತಿಗೆಗೆ ನೀವೇ ಯಾಕೆ ಹಗ್ಗ ಹಾಕ್ಕೊಳ್ತೀರಿ?”

“ನನ್ನ ಕುತ್ತಿಗೆ ಇರಲಿ ಸಾರ್. ಅವಳ ಗಂಟಲು ಹೋಗಿದೆ. ಸುಟ್ಟ ಗಂಟಲಲ್ಲಿ ಒಂದೊಂದು ಮಾತೂ ಕಿತ್ತು ಕಿತ್ತು ಹೇಳಿದ್ದಾಳೆ. ನಾಲ್ಕು ಸಲ ಕೇಳಿದೆ ನಿಮ್ಮನ್ನ. ನನ್ನ ಕಿವಿ ಡಾಕ್ಟರಿಗೆ ತೋರಿಸು ಅಂದ್ರಿ. ಈಗ ನನ್ನ ಕಿವಿಗೇನಾಗಿದೆ ಹೇಳಿ!”

ಅಷ್ಟು ಜೋರಾಗಿ ಅವಳು ಆ ಕಚೇರಿಯಲ್ಲಿ ಯಾವತ್ತೂ ಮಾತಾಡಿರಲಿಲ್ಲ. ಹೊರಗೆ ಓಡಾಡುತ್ತಿದ್ದವರು ನಿಂತರು. ಸಾಹೇಬರು ವೈರನ್ನು ಸುತ್ತಿ, ಪೆಟ್ಟಿಗೆ ಮುಚ್ಚಿ, ಅದನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಹೊರಟುಹೋದರು. ಸಂಜೆಯೊಳಗೆ ಅವಳಿಗೊಂದು ನೋಟಿಸ್ ಬಂತು: ಅನುಮತಿಯಿಲ್ಲದೆ ಕಚೇರಿಯ ಬೆಲೆಬಾಳುವ ವಸ್ತು ಬಳಸಿದ್ದಕ್ಕೆ ಕಾರಣ ತಿಳಿಸುವುದು.

ಮನೆಯಲ್ಲಿ ಗಂಡ ನೋಟಿಸನ್ನು ಎರಡು ಸಲ ಓದಿದ. ತಮಾಷೆ ಮಾಡುತ್ತಾನೆ ಅಂದುಕೊಂಡಿದ್ದಳು, ಮಾಡಲಿಲ್ಲ. “ತೀರ್ಪು ಬರೆಯೋರು ಯಾರು? ಸಾಹೇಬರಾ?”

“ಅಲ್ಲ, ಮೇಲಿನ ಮೇಡಂ.”

“ಹಾಗಾದ್ರೆ ಅವರಿಗೇ ಬರಿ. ಇವರ ಹತ್ತಿರ ಯಾಕೆ ಗಂಟಲು ಹರ್ಕೊಳ್ತೀಯ?”

ಅವಳು ಬರೆದಳು. ಉದ್ದ ಬರೆಯಲಿಲ್ಲ. ನಾನು ಸಹಿ ಹಾಕಿದ ಪ್ರತಿ ಸರಿಯಿಲ್ಲ, ತಪ್ಪು ನನ್ನದು ಮತ್ತು ನನಗೆ ಕೊಟ್ಟ ಸಾಧನದ್ದು, ರೆಕಾರ್ಡನ್ನು ದಯವಿಟ್ಟು ನೀವೇ ಕೇಳಬೇಕು, ಒಳ್ಳೆಯ ಹೆಡ್‌ಫೋನ್ ಆಡಳಿತಾಧಿಕಾರಿಗಳ ಕೋಣೆಯಲ್ಲಿದೆ. ಮರುದಿನ ಬೆಳಿಗ್ಗೆ ತಿದ್ದಿದ ಹಾಳೆ ಜೊತೆಗಿಟ್ಟು ಮೇಡಂ ಅವರ ಗುಮಾಸ್ತರಿಗೆ ಕೊಟ್ಟು, ಪಡೆದದ್ದಕ್ಕೆ ಮೊಹರು ಹಾಕಿಸಿಕೊಂಡೇ ಕೆಳಗಿಳಿದಳು.

ಮುಂದಿನ ವಿಚಾರಣೆ ಒಂಬತ್ತು ದಿನಕ್ಕೆ ಬಂತು. ಮೇಡಂ ಸಣ್ಣ ದೇಹದ, ಸದಾ ದಣಿದಂತೆ ಕಾಣುವ ಹೆಂಗಸು. ಕನ್ನಡಕ ಹಣೆಗೇರಿಸಿ, “ಆ ಹೆಡ್‌ಫೋನ್ ತರಿಸಿ,” ಎಂದರು. ಕಂಪನಿಯ ವಕೀಲರು ಎದ್ದುನಿಂತು ಆಕ್ಷೇಪಿಸಿದರು. “ಕೇಳೋದಕ್ಕೂ ಆಕ್ಷೇಪಣೆಯಾ? ಕೂತ್ಕೊಳ್ಳಿ,” ಎಂದರು ಮೇಡಂ. ಸ್ಟೋರ್‌ಕೀಪರ್ ಮರದ ಪೆಟ್ಟಿಗೆ ಹಿಡಿದುಕೊಂಡು ಬಂದ. ಎಂಟು ಹಾಳೆಯ ಸಾಕ್ಷಿಯನ್ನು ಅವರು ಮೊದಲಿಂದ ಕೊನೆಯವರೆಗೂ ಕೇಳಿದರು. ಅರ್ಧ ಗಂಟೆ ಆ ಕೋಣೆಯಲ್ಲಿ ಯಾರೂ ಕೆಮ್ಮಲಿಲ್ಲ. ಕೊನೆಗೆ ಹೆಡ್‌ಫೋನ್ ತೆಗೆದಿಟ್ಟು, ತಿದ್ದಿದ ಪ್ರತಿಯನ್ನೇ ಪರಿಗಣಿಸಲಾಗುವುದು ಎಂದು ಬರೆಸಿ, ಸೂಪರ್‌ವೈಸರನ್ನು ಕರೆಸಲು ಹೇಳಿದರು.

ಹೊರಗೆ ಕಾರಿಡಾರಿನ ಬೆಂಚಿನ ಮೇಲೆ ಲಾಂಡ್ರಿಯ ಹೆಂಗಸು ಕೂತಿದ್ದಳು, ಕುತ್ತಿಗೆಗೆ ತೆಳು ಬಟ್ಟೆ ಸುತ್ತಿಕೊಂಡು. ಕಿವಿಯಕ್ಕ ಅವಳ ಪಕ್ಕ ಹೋಗಿ ಕೂತು ತಾನು ಯಾರೆಂದೂ ಮೊದಲ ಪ್ರತಿಯಲ್ಲಿ ಏನು ಬರೆದಿದ್ದೆನೆಂದೂ ಹೇಳಿದಳು. ಆ ಹೆಂಗಸು ಒಂದು ಒಳ್ಳೆಯ ಮಾತಾಡುತ್ತಾಳೆಂದು ಅವಳ ಮನಸ್ಸು ಕಾದಿತ್ತು, ಇಲ್ಲವೆಂದರೆ ಸುಳ್ಳಾದೀತು.

ಹೆಂಗಸು ಅವಳತ್ತ ತಿರುಗಿದಳು. “ನೀವಾ ಅದು?” ಉಸಿರಿನ ದನಿ, ಆದರೆ ಚಾಕುವಿನ ಹಾಗಿತ್ತು. “ಆವತ್ತು ಮಾತಾಡಿ ಹೋದ ಮೇಲೆ ಎರಡು ದಿನ ನೀರು ನುಂಗಕ್ಕಾಗಲಿಲ್ಲ ನನಗೆ. ಅಷ್ಟೆಲ್ಲ ಹೇಳಿದ್ದೀನಿ ಅಂತ ಧೈರ್ಯದಲ್ಲಿದ್ದೆ. ನೀವು ಕೇಳಿಸಲ್ಲ ಅಂತ ಬರೆದ್ರಾ? ಮೇಲೆ ಬಂದು ಇನ್ನೊಂದು ಸಲ ಹೇಳಮ್ಮ ಅಂತ ಯಾಕೆ ಕೇಳಲಿಲ್ಲ?”

ಹಾಗೆ ಕೇಳಲು ನಿಯಮವಿಲ್ಲ ಎನ್ನಬಹುದಿತ್ತು. ಮಾತು ನಾಲಿಗೆಯವರೆಗೂ ಬಂತು. ಆದರೆ ಅದು ಸಾಹೇಬರ ಮಾತಿನ ಹಾಗೇ ಅನ್ನಿಸಿ ನುಂಗಿಕೊಂಡಳು. “ಕೇಳಬೇಕಿತ್ತು. ತಪ್ಪಾಯ್ತು ತಾಯಿ,” ಎಂದಳು.

ಹೆಂಗಸು ಕ್ಷಮಿಸಿದೆ ಎನ್ನಲಿಲ್ಲ. ಒಳಗಿನಿಂದ ಕರೆ ಬಂದಾಗ ಎದ್ದು ಹೋದಳು.

ಎರಡು ತಿಂಗಳಿಗೆ ತೀರ್ಪು ಆ ಹೆಂಗಸಿನ ಪರವಾಗಿ ಬಂತು. ಬಟ್ಟೆ ಸುತ್ತಿದ್ದು ನಿಜ ಎಂದು ಸೂಪರ್‌ವೈಸರ್ ಒಪ್ಪಿಕೊಂಡಿದ್ದ. ಕಿವಿಯಕ್ಕನ ಮೇಲಿನ ನೋಟಿಸನ್ನು ಯಾರೂ ಹಿಂತೆಗೆದುಕೊಳ್ಳಲಿಲ್ಲ, ಮುಂದುವರಿಸಲೂ ಇಲ್ಲ. ಅದು ಅವಳ ಕಡತದಲ್ಲಿ ಹಾಗೇ ಬಿದ್ದುಕೊಂಡಿತು. ಅಳಿಸದೆ ಉಳಿದಿರುವ ರೆಕಾರ್ಡುಗಳನ್ನೆಲ್ಲ ಮತ್ತೆ ಕೇಳುವವರೆಗೆ ಹೆಡ್‌ಫೋನ್ ಟೈಪಿಂಗ್ ಕೋಣೆಯಲ್ಲೇ ಇರತಕ್ಕದ್ದು ಎಂದು ಮೇಡಂ ಆದೇಶ ಮಾಡಿದರು. ಸಾಹೇಬರು ಅಂದಿನಿಂದ ಅವಳ ನಮಸ್ಕಾರಕ್ಕೆ ಪ್ರತಿನಮಸ್ಕಾರ ಮಾಡುವುದನ್ನು ನಿಲ್ಲಿಸಿದರು.

ರೆಕಾರ್ಡುಗಳನ್ನು ಮೂರು ವರ್ಷಕ್ಕೆ ಅಳಿಸಿಬಿಡುವ ಪದ್ಧತಿ. ಉಳಿದ ಮೂರು ವರ್ಷದ್ದನ್ನು ಅವಳು ಒಂದೊಂದಾಗಿ ಕೇಳತೊಡಗಿದಳು. ಮೊದಲ ತಿಂಗಳಲ್ಲೇ ಇನ್ನೂ ಆರು ಜನರ ಮಾತು ಸಿಕ್ಕಿತು. ಆರಕ್ಕೂ ತಿದ್ದಿದ ಪ್ರತಿ ಕಳಿಸಿದಳು. ಅದಕ್ಕೂ ಹಿಂದಿನ ಎಂಟು ವರ್ಷದವರು ಏನು ಹೇಳಿದ್ದರು ಎಂಬುದು ಇನ್ನು ಯಾರಿಗೂ ಗೊತ್ತಾಗುವಂತಿಲ್ಲ.

“ಅವರೆಲ್ಲ ಯಾರು ಯಾರು ಅಂತ ನೆನಪಿದೆಯೇನೆ?” ಒಂದು ದಿನ ಗಂಡ ಗುಂಡಿ ಹೊಲಿಯುತ್ತಾ ಕೇಳಿದ.

“ಮುಖ ನೋಡಿದ್ರೆ ತಾನೆ ನೆನಪಿರೋದು?” ಎಂದು ಅವಳು ರೇಗಿದಳು. ಅವನ ಮೇಲಿನ ಸಿಟ್ಟಲ್ಲ ಅದು, ಅವನಿಗೂ ಗೊತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ ಅವಳೇ ಹೇಳಿದಳು, “ನಾಳೆ ಮೇಡಂ ಹತ್ತಿರ ಇನ್ನೊಂದು ಅರ್ಜಿ ಕೊಡ್ತೀನಿ. ದನಿ ಸರಿಯಾಗಿ ಬಾರದೆ ಇದ್ರೆ ಸಾಕ್ಷೀನ ಮತ್ತೆ ಕರೆದು ಕೇಳೋ ಹಾಗೆ ನಿಯಮ ಮಾಡಿ ಅಂತ.”

“ಒಪ್ತಾರಾ?”

“ಒಪ್ಪದಿದ್ರೆ ಇನ್ನೊಂದು ಕೊಡ್ತೀನಿ,” ಎಂದು ಅವಳು ಕಾಗದ ಹುಡುಕಲು ಎದ್ದಳು.