ನಮ್ಮತ್ತೆಯ ಟ್ರ್ಯಾಕ್ಟರ್ ಚಾರ್ಜ್ ಆಗದೆ ನಿಂತ ದಸರೆ

ಕಾದ ರಬ್ಬರ್ ಬೆಲ್ಟಿನ ವಾಸನೆ ಯಾರೂ ಇಷ್ಟಪಡುವಂಥದ್ದಲ್ಲ. ಮೊನ್ನೆ ಹಿಟ್ಟಿನ ಗಿರಣಿಯ ಮುಂದೆ ಆ ವಾಸನೆ ಮೂಗಿಗೆ ಬಡಿದಾಗ ನಾನು ಮಾತ್ರ ರಾಗಿ ಚೀಲ ಹಿಡಿದು ಸುಮ್ಮನೆ ನಿಂತುಬಿಟ್ಟೆ. ಹುಣಸೂರಿನಾಚೆಯ ನಮ್ಮ ಹಳೆಯ ಮನೆ, ಹಿತ್ತಿಲ ಚಪ್ಪರ, ಅದರಡಿಯ ಗಿಡ್ಡ ಕೆಂಪು ಟ್ರ್ಯಾಕ್ಟರ್, ಅದರ ಬಾನೆಟ್ಟಿನೊಳಗೆ ತಲೆಯಿಟ್ಟು ನಿಂತ ಚಿಕ್ಕತಾಯಿ ಅತ್ತೆ, ಎಲ್ಲ ಒಟ್ಟಿಗೇ ಬಂದವು.

ಅತ್ತೆ ನನ್ನಪ್ಪನ ಅಕ್ಕ. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದವಳು, ಎಲ್ಲರೂ ಅಡುಗೆಮನೆಯ ದಾರಿ ತೋರಿಸಿದರೆ, ಹೋಗಿ ಟ್ರ್ಯಾಕ್ಟರ್ ಹತ್ತಿದಳು. ತಾತ ಅವಳ ಹೆಸರಿಗೆ ಮಾಡಿದ್ದ ಹೊಲವನ್ನು ಅವಳೇ ಉಳುತ್ತಿದ್ದಳು. ಮೈಸೂರಿನ ಕಾನ್ವೆಂಟ್ ಹಾಸ್ಟೆಲ್ಲಿನಿಂದ ದಸರಾ ಹಾಲಿಡೇಸಿಗೆ ಬರುತ್ತಿದ್ದ ನನ್ನ ಕಣ್ಣಿಗೆ ಅವಳು ಸಿಂಪ್ಲಿ ಮ್ಯಾಗ್ನಿಫಿಸೆಂಟ್. ಆ ವರ್ಷ ಆಯುಧಪೂಜೆ ಮುಗಿದದ್ದೇ ತಡ, ಟ್ರ್ಯಾಕ್ಟರ್ ಮುಷ್ಕರ ಹೂಡಿತು. ಬ್ಯಾಟರಿಯನ್ನು ಪೇಟೆಯಲ್ಲಿ ಚಾರ್ಜ್ ಮಾಡಿಸಿ ತಂದರೆ ಮರುದಿನಕ್ಕೆ ಖಾಲಿ. ಇಳಿಜಾರಿಗೆ ತಳ್ಳಿದರೆ ಮಾತ್ರ ಸ್ಟಾರ್ಟ್. ಹೊಗೆಸೊಪ್ಪು ತೆಗೆದ ಹೊಲ ಹುರುಳಿ ಬಿತ್ತನೆಗೆ ಕಾಯುತ್ತಿತ್ತು.

“ದಿನಾ ತಳ್ಳಿ ನನ್ ಸೊಂಟ ಬಿದ್ದೋಯ್ತು ಕಣಕ್ಕ. ಮದ್ಯಾನ ಪಿರಿಯಾಪಟ್ಟಣದ ಗೌಡ್ರು ನೋಡಾಕೆ ಬತ್ತಾರೆ, ಕೊಟ್ಬುಡವ. ಹೊಲಾನ ಯಾರಾದ್ರೂ ಮಾಡ್ಕೊಳ್ಲಿ. ನೀನು ನೆಮ್ಮದಿಯಾಗಿ ಮನೇಲಿರು,” ಅಂದ ಅಪ್ಪ.

“ನೆಮ್ಮದಿ ಬೇಕಾದ್ರೆ ನೀನಿರ್ಲಾ ಮನೇಲಿ. ಬೆಂಡೆಕಾಯಿ ಹೆಚ್ಕೊಟ್ರೆ ನಿನ್ ಎಂಡ್ತಿಗೂ ಖುಷಿ ಆಯ್ತದೆ.”

ಹಾಗಂದವಳು ಸೆರಗು ಸಿಕ್ಕಿಸಿ ಬೆಳಗ್ಗೆಯೇ ಕೆಲಸಕ್ಕಿಳಿದಳು. ಅವಳ ಪೇಷನ್ಸ್ ನೋಡಬೇಕಿತ್ತು. ಅಪ್ಪನ ಕೈಯಲ್ಲೇ ತಳ್ಳಿಸಿ ಇಂಜಿನ್ ಶುರು ಮಾಡಿದಳು. ಬೆಲ್ಟ್ ಜಾರುತ್ತಿದೆಯೇನೋ ಎಂದು ಬಿಗಿ ಮಾಡಿದರೆ ಅದು ಕಾದು ವಾಸನೆ ಹೊಡೆಯಿತೇ ಹೊರತು ಚಾರ್ಜ್ ತೋರಿಸುವ ಆಮ್ಮೀಟರಿನ ಮುಳ್ಳು ಮೈನಸ್ ಬಿಟ್ಟು ಕದಲಲಿಲ್ಲ. ಬೆಲ್ಟನ್ನು ಮತ್ತೆ ಹದಕ್ಕೆ ತಂದು, ಕರೆಂಟ್ ಹುಟ್ಟಿಸುವ ಡೈನಮೊದ ವೈರುಗಳನ್ನು ಬಿಚ್ಚಿ, ಅದಕ್ಕೇ ನೇರವಾಗಿ ಬಲ್ಬ್ ಹಚ್ಚಿದಳು. ಬಲ್ಬ್ ಝಗ್ಗನೆ ಉರಿಯಿತು. “ಇವ್ನು ದುಡೀತಾವ್ನೆ ಕಣವ್ವ, ದುಡಿದದ್ದು ಮನೆಗೆ ಬತ್ತಿಲ್ಲ,” ಎಂದು ನನ್ನತ್ತ ಕಣ್ಣು ಮಿಟುಕಿಸಿ, ವೈರನ್ನೇ ಬೆರಳಲ್ಲಿ ಸವರುತ್ತ ಬ್ಯಾಟರಿಗೆ ಹೋಗುವ ಕರೆಂಟನ್ನು ಹದ ಮಾಡುವ ರೆಗ್ಯುಲೇಟರಿನ ಡಬ್ಬಿಗೆ ಬಂದಳು. ಅದನ್ನು ಬಿಚ್ಚಿ ತಿರುಗಿಸಿ ತಳ ನೋಡಿದಳು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಪೂಜೆಗೆ ಮುಂಚೆ ಟ್ರ್ಯಾಕ್ಟರಿಗೆ ಹೊಸ ಪೇಂಟ್ ಹೊಡೆಯುವುದು ಅವಳದೇ ವ್ರತ. ಕಾಣುವ ಕಡೆ ಬಳಿದರೆ ಸಾಲದು, ದೇವರಿಗೆ ಒಳಗೂ ಕಾಣುತ್ತದಲ್ಲ ಎಂದು ಆ ಸಲ ಡಬ್ಬಿಯನ್ನೇ ಬಿಚ್ಚಿ, ಅದರ ತಳಕ್ಕೂ ಅದು ಕೂರುವ ಜಾಗಕ್ಕೂ ಎರಡು ಕೋಟ್ ಕೊಟ್ಟಿದ್ದಳು. ಡಬ್ಬಿ ಬರಿಯ ಕಬ್ಬಿಣಕ್ಕೆ ತಾಗಿದರೆ ತಾನೆ ಕರೆಂಟಿಗೆ ಅರ್ತ್ ಸಿಗುವುದು. “ನನ್ ಬಕ್ತಿನೇ ಅಡ್ಡ ಬಂತಲ್ಲವ್ವ,” ಎನ್ನುತ್ತ ಚಾಕುವಿನಲ್ಲಿ ಪೇಂಟ್ ಕೆರೆದಳು. ಸ್ಕ್ರೂ ಬಿಗಿದು, ಮತ್ತೆ ತಳ್ಳಿಸಿ ಹೊರಟಾಗ ಮುಳ್ಳು ಪ್ಲಸ್ಸಿಗೆ ವಾಲಿತು. ಖಾಲಿ ಬ್ಯಾಟರಿ ತುಂಬಲು ಹೊತ್ತು ಬೇಕಿತ್ತು. ಅಷ್ಟರಲ್ಲಿ ಅವಳು ಹೊಲ ಉಳುತ್ತಿದ್ದಳು.

ಮಧ್ಯಾಹ್ನ ಗೌಡರು ಬಂದು ಜಗಲಿಯಲ್ಲಿ ಕೂತಿದ್ದರು. ಅತ್ತೆ ಅವರೆದುರೇ ಟ್ರ್ಯಾಕ್ಟರ್ ತಂದು ಇಂಜಿನ್ ಆಫ್ ಮಾಡಿದಳು. ಅಪ್ಪ ತಳ್ಳಲು ಎದ್ದ. “ಕೂತ್ಕಳ್ಲಾ,” ಎಂದು ಸ್ಟಾರ್ಟರ್ ಒತ್ತಿದಳು. ಇಂಜಿನ್ ಒಂದು ಸಲ ನರಳಿತು, ಎರಡನೆಯದಕ್ಕೆ ಹಿಡಿದುಕೊಂಡಿತು. ಅಪ್ಪ ಅವಳನ್ನೇ ನೋಡುತ್ತ ನಿಂತಿದ್ದವನು ಗೌಡರ ಕಡೆ ತಿರುಗಿ, “ಕಾಫಿ ಕುಡೀರಿ ಗೌಡ್ರೇ. ನಮ್ಮಕ್ಕ ಮಾರಾಕಿಲ್ಲ,” ಅಂದ.

ಅವಳು ಕೈಕಾಲು ಸೋಲುವವರೆಗೂ ಆ ಹೊಲ ಉತ್ತಳು. ಈಗ ಅವಳಿಲ್ಲ, ಅಪ್ಪನಿಲ್ಲ, ಹೊಲ ಬೇರೆಯವರದು. ಅಪರೂಪಕ್ಕೆ ಆ ದಾರಿಯಲ್ಲಿ ಹೋದಾಗ ಬಸ್ಸಿನ ಕಿಟಕಿಯಿಂದ ನೋಡುತ್ತೇನೆ. ಉಳುಮೆ ನಡೆದೇ ಇರುತ್ತದೆ. ಸಾಲುಗಳು ಅತ್ತೆಯ ಸಾಲಿನಷ್ಟು ನೇರವಾಗಿಲ್ಲ ಅನ್ನಿಸುತ್ತದೆ. ನನ್ನ ಪಾರ್ಶಿಯಾಲಿಟಿ ಇರಬಹುದು. ಇರಲಿ.