ಕಾಲರ್‌ಗೆ ಸಂಜೆಯ ಔಷಧಿ

"ಅಮ್ಮಾ, ಇಸ್ತ್ರಿ ದೊಡ್ಡಮ್ಮ ಒಬ್ರೇ ಕೂತು ಯಾರಿಗೆ ಬೈತಿದಾರೆ?" ಎಂದು ಮಗಳು ಕೇಳಿದಳು.

ತಾಯಿ ಇಳಿದು ನೋಡಿದಳು. ಮೆಟ್ಟಿಲ ಕೆಳಗಿನ ಆ ಕೋಣೆಯಲ್ಲಿ ಇಸ್ತ್ರಿ ಅಕ್ಕ ಹದಿನೆಂಟು ವರ್ಷದಿಂದ ಇಡೀ ಬೀದಿಯ ಬಟ್ಟೆಗಳ ಸುಕ್ಕು ತೆಗೆಯುತ್ತಿದ್ದರು. ಯಾವ ಅಂಗಿಗೂ ಗುರುತು ಹಾಕಿದವರಲ್ಲ. ಸವೆದ ತೋಳಂಚು ನೋಡಿಯೇ ಯಾರದೆಂದು ಹೇಳಿಬಿಡುವವರು. ಇವತ್ತು ಇಸ್ತ್ರಿಪೆಟ್ಟಿಗೆ ತಣ್ಣಗೆ ಕೂತಿತ್ತು. ಮೇಜಿನ ಕಂಬಳಿಯ ಮೇಲೆ ಅವರ ಕೋಳಿ ಕಾಲರ್ ಬಾಯಿ ತೆರೆದು ಗೊರಗೊರ ಉಸಿರೆಳೆಯುತ್ತಿತ್ತು. ಕತ್ತಿನ ಸುತ್ತ ಬಿಳಿ ಪುಕ್ಕ, ಅದಕ್ಕೇ ಆ ಹೆಸರು.

"ನೆಗಡಿ ಅಂತ ಬೆಳಿಗ್ಗೆ ಪಶು ಆಸ್ಪತ್ರೆಗೆ ಎತ್ಕೊಂಡು ಹೋದೆ ಕಣ್ರಮ್ಮಾ. ಡಾಕ್ಟ್ರು ಔಷಧಿ ಬರೆದ್ರು. ಆ ಕಂಪೌಂಡರ್ ಇದಾನಲ್ಲ, ತಲೆ ಹಿಂದಕ್ಕೆ ಎಳೆದು, ಕೊಕ್ಕು ಬಿಡಿಸಿ, ಸಿರಿಂಜಲ್ಲಿದ್ದಿದ್ದೆಲ್ಲ ಒಂದೇ ಸಲ ಒಳಗೆ ಚಿಮ್ಮಿಸ್ದ. ನನ್ನ ಕೂಸು ಮೂಗಲ್ಲಿ ನೊರೆ ಬಿಟ್ಟು ಒದ್ದಾಡ್ತು. ಯಾಕಪ್ಪಾ ಹೀಗೆ ಅಂದ್ರೆ, 'ಕೋಳಿ ತಾನೆ, ಹೋದ್ರೆ ಬೇಯಿಸ್ಕೊಳ್ಳಿ' ಅಂತಾನೆ."

ತಾಯಿಗೂ ಮೈ ಉರಿದುಹೋಯಿತು. ಕೈಯಲ್ಲಿ ಒದ್ದಾಡುವ ಜೀವವನ್ನಿಟ್ಟುಕೊಂಡು ನಗುವುದೆಂದರೇನು?

ಆಸ್ಪತ್ರೆಯಲ್ಲಿ ಗದ್ದಲ ಕೇಳಿ ಓಡಿ ಬಂದ ಡಾಕ್ಟರು ಕೊಕ್ಕಿನೊಳಗೆ ಟಾರ್ಚ್ ಬಿಟ್ಟು ಅಕ್ಕನಿಗೆ ತೋರಿಸಿದ್ದರಂತೆ. ನಾಲಿಗೆಯ ಬುಡದಲ್ಲೇ ಉಸಿರಿನ ತೂತು. ಔಷಧಿ ಅಲ್ಲಿಗೆ ಬಿದ್ದರೆ ನೇರ ಶ್ವಾಸಕೋಶಕ್ಕೆ. ಇನ್ನೊಮ್ಮೆ ಹಾಗಾದರೆ ಉಳಿಯುವುದು ಕಷ್ಟ ಎಂದೂ ಹೇಳಿದ್ದರು. ಈಗ ಸಂಜೆಯ ಔಷಧಿಯ ಹೊತ್ತು. ಅಕ್ಕ ಸಿರಿಂಜಿಗೆ ಔಷಧಿ ತುಂಬುತ್ತಲೇ ಇನ್ನೂ ಬೈಯುತ್ತಿದ್ದರು.

"ಕೊಡಿ ಅಕ್ಕಾ, ನಾನು ಹಾಕ್ತೀನಿ. ಮಗಳಿಗೆ ಕುಡಿಸಿ ಕುಡಿಸಿ ಅಭ್ಯಾಸ ಆಗಿದೆ."

ತಾಯಿ ಕೋಳಿಯನ್ನು ಟವೆಲಿನಲ್ಲಿ ಸುತ್ತಿ ಕಂಕುಳಿಗೆ ಅವುಚಿಕೊಂಡಳು. ಅಲ್ಲಿಯವರೆಗೆ ಸರಿಯಿತ್ತು. ಆಮೇಲೆ ಮಗಳಿಗೆ ಮಾಡುವಂತೆಯೇ ತಲೆ ಹಿಂದಕ್ಕೆತ್ತಿದ್ದೇ ತಡ, ಅವಳ ಕೈಗೆ ಫಟ್ಟನೆ ಏಟು ಬಿತ್ತು.

"ಅವನೊಬ್ಬ ಸಾಲ್ದು ಅಂತ ನೀವೂನಾ? ಪಾಪ, ಆ ಮಗು ಹೇಗೆ ಇಷ್ಟು ದೊಡ್ಡದಾಯ್ತೋ."

ತಾಯಿ ತಲೆ ಬಿಟ್ಟು ಕೋಳಿಯ ಮೈಯನ್ನಷ್ಟೇ ಹಿಡಿದು ಕೂತಳು. ಅಕ್ಕ ಸಿರಿಂಜ್ ತೆಗೆದುಕೊಂಡರು. ಕೆಲಸಕ್ಕಿಳಿದ ಮೇಲೆ ಬೈಗುಳ ನಿಂತಿತು. ನಾಜೂಕು ಬಟ್ಟೆಗೆ ನೀರು ಚಿಮುಕಿಸಿ ಪಳಗಿದ ಕೈ; ಹನಿಯ ಅಳತೆ ಅದಕ್ಕೆ ಗೊತ್ತಿತ್ತು. ಡಾಕ್ಟರು ಹೇಳಿಕೊಟ್ಟಂತೆ ಕೊಕ್ಕಿನ ಪಕ್ಕದಂಚಿಗೆ ಒಂದು ಹನಿ. ಕಾದರು. ಕಾಲರ್ ನಾಲಿಗೆಯಾಡಿಸಿ ತಾನಾಗಿಯೇ ನುಂಗಿತು. ಇನ್ನೊಂದು ಹನಿ. ಮತ್ತೆ ಕಾದರು. ಕಾಲು ಗಂಟೆಯೇ ಹಿಡಿಯಿತು, ಆದರೆ ಒಂದು ಸಲವೂ ಕೆಮ್ಮಲಿಲ್ಲ.

"ಇಷ್ಟೇ ಕೆಲಸ. ಇಷ್ಟಕ್ಕೆ ಆ ಮಹಾನುಭಾವನಿಗೆ ಪುರಸೊತ್ತಿಲ್ಲ." ಅಕ್ಕ ಕೊಕ್ಕು ಒರೆಸುತ್ತ ತಾಯಿಯ ಕಡೆ ತಿರುಗಿದರು. "ನಾಳೆ ಇನ್ಯಾರದೋ ಕೋಳಿ ಅವನ ಕೈಗೆ ಸಿಗತ್ತೆ. ಒಂದು ಉಪಕಾರ ಮಾಡೀಮ್ಮಾ. ನಿಮ್ಮ ಅಕ್ಷರ ದುಂಡಗಿದೆ. ಕೋಳಿಗೆ ಔಷಧಿ ಹೇಗೆ ಹಾಕ್ಬೇಕು ಅಂತ ಒಂದು ಹಾಳೆಲಿ ದಪ್ಪಗೆ ಬರೆದುಕೊಡಿ, ಅವನ ಮೇಜಿನ ಎದುರಿಗೇ ಅಂಟಿಸಿ ಬರ್ತೀನಿ. ಬೈಗುಳ ಬರೀಬೇಡಿ. ಅದನ್ನ ನಾನು ಬಾಯಲ್ಲೇ ಹೇಳ್ಕೋತೀನಿ."